ಹದಿನಾಲ್ಕನೇ ಮೇಜು

ಪರದೆಯ ತುಂಬ ಚೌಕಗಳು, ಎಲ್ಲವೂ ಹಸಿರು. ನೋಡುತ್ತಿದ್ದ ಹಾಗೆ ಒಂದು ಕೆಂಪಾಯಿತು.

“ನೋಡಿ ಮೇಡಂ,” ಅಂದ ಯೋಗರಾಜ್. “ಇದು ಪೂರ್ತಿ ನಿಮ್ಮಿಂದ ಆಗಿದ್ದು.”

ಅವನ ದನಿಯಲ್ಲಿ ಕೃತಜ್ಞತೆಯಿತ್ತು. ಹಾಗಾಗಿ ಜಯಶೀಲಾಗೆ ಮೊದಲು ಏನೂ ಅನುಮಾನ ಬರಲಿಲ್ಲ. ಶನಿವಾರ ಮಧ್ಯಾಹ್ನ, ವಿಭಾಗದಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ಲ್ಯಾಪ್‌ಟಾಪನ್ನು ಅವಳ ಕಡೆಗೆ ತಿರುಗಿಸಿ, ಪರೀಕ್ಷೆ ಪಾಸಾದ ಹುಡುಗನ ಹಾಗೆ ಕೈಕಟ್ಟಿ ನಿಂತಿದ್ದ. ಕೆಂಪಾದ ಚೌಕದ ಮೂಲೆಯಲ್ಲಿ ಹದಿನಾಲ್ಕು ಎಂದಿತ್ತು.

ಮೂರು ವಿಭಾಗದವರು ಸೇರಿ ನಡೆಸುತ್ತಿದ್ದ ಅಧ್ಯಯನ ಅದು. ಯೋಗರಾಜ್ ಕಂಪ್ಯೂಟರ್ ವಿಜ್ಞಾನದವನು. ವಿಷ್ಣುಪ್ರಸಾದ ಕಾನೂನು ಕಲಿಸುವವರು. ಜಯಶೀಲಾ ಸಮಾಜಶಾಸ್ತ್ರ. ಕೃತಕ ಬುದ್ಧಿಮತ್ತೆ ಮನುಷ್ಯರ ಕೆಲಸಕ್ಕೆ ಅಂಕ ಹಾಕತೊಡಗಿದರೆ ಅದಕ್ಕೆ ಲಗಾಮು ಹಾಕುವವರು ಯಾರು, ಅದು ತಪ್ಪು ಮಾಡಿದರೆ ಉತ್ತರ ಕೊಡಬೇಕಾದವರು ಯಾರು ಎಂಬುದು ಅವರ ಪ್ರಶ್ನೆ. ಮಾಚೇನಹಳ್ಳಿಯಲ್ಲಿ ಶಾಲೆ ಮಕ್ಕಳ ಬ್ಯಾಗು ಹೊಲಿಯುವ ಕಾರ್ಖಾನೆಯೊಂದು ಅವರಿಗೆ ಬಾಗಿಲು ತೆರೆದಿತ್ತು. ಅಲ್ಲಿ ಪ್ರತಿ ಮೇಜಿನ ಮೇಲೂ ಒಂದು ಕ್ಯಾಮೆರಾ. ಯಾವ ಹೆಂಗಸಿನ ಕೈ ಎಷ್ಟು ಚುರುಕು, ಯಾವ ಮೇಜಿನಿಂದ ಎಷ್ಟು ಬ್ಯಾಗು ಎಂದು ಯಂತ್ರ ತಾನೇ ನೋಡಿ ತಾನೇ ಬಣ್ಣ ಕೊಡುತ್ತಿತ್ತು. ನಮ್ಮ ಯಂತ್ರ ನ್ಯಾಯವಾಗಿ ನಡೆದುಕೊಳ್ಳುತ್ತದೆ ಎಂದು ಹೊರದೇಶದ ಗಿರಾಕಿಗಳಿಗೆ ತೋರಿಸಲು ಕಾರ್ಖಾನೆಗೆ ಓದಿದವರ ಒಂದು ಮಾತು ಬೇಕಿತ್ತು.

ಯಂತ್ರಕ್ಕೆ ಒಂದು ಒಗಟು ಬಿಡಿಸಲಾಗಿರಲಿಲ್ಲ. ಕೆಲವು ದಿನ ಕೆಲವು ಮೇಜುಗಳಲ್ಲಿ ಕೈ ಸುಮ್ಮನಿರುತ್ತಿತ್ತು, ಬ್ಯಾಗುಗಳು ಮಾತ್ರ ಲೆಕ್ಕಕ್ಕೆ ಸರಿಯಾಗಿ ಬರುತ್ತಿದ್ದವು. ಕಾರ್ಖಾನೆಯವರು ಅದನ್ನು ಕ್ಯಾಮೆರಾದ ದೋಷ ಅಂದುಕೊಂಡು ಬಿಟ್ಟಿದ್ದರು. ಯೋಗರಾಜ್ ಮಾತ್ರ ತಲೆ ಕೆಡಿಸಿಕೊಂಡಿದ್ದ.

ಉತ್ತರ ಗೊತ್ತಿದ್ದದ್ದು ಜಯಶೀಲಾಗೆ. ಬೇಸಿಗೆ ರಜೆಯನ್ನು ಅವಳು ಆ ಸಾಲಿನಲ್ಲೇ ಕಳೆದಿದ್ದಳು, ಬ್ಯಾಗಿನ ಪಟ್ಟಿ ಹೊಲಿಯುತ್ತಾ. ಖಾಲಿ ಮೇಜು ಇರಲಿಲ್ಲವೆಂದು ಕವನ ಎಂಬ ಹುಡುಗಿಯ ಪಕ್ಕಕ್ಕೆ, ಹದಿನಾಲ್ಕನೇ ಮೇಜಿಗೇ ಇನ್ನೊಂದು ಸ್ಟೂಲು ಹಾಕಿಕೊಟ್ಟಿದ್ದರು. ಪಕ್ಕದ ಮೇಜಿನಲ್ಲಿ ಹಾಲಮ್ಮ. ಒಂದು ದಿನ ಕವನ ವಾಂತಿ ಮಾಡಿಕೊಂಡು ಬಂದು ತಲೆ ಬಗ್ಗಿಸಿ ಕೂತಾಗ ಹಾಲಮ್ಮನ ಎಡಗೈ ಸದ್ದಿಲ್ಲದೆ ಈಚೆ ಬಂತು. ಕವನಳ ಪಾಲಿನ ಬಟ್ಟೆಯನ್ನು ಎಳೆದುಕೊಂಡು, ಹೊಲಿದು, ಮತ್ತೆ ಕವನಳ ಬುಟ್ಟಿಗೇ ಹಾಕಿತು. ಅತ್ತ ಕಡೆಯವಳೂ ಹಾಗೇ ಮಾಡಿದಳು. ಏನಿದು ಅಂದದ್ದಕ್ಕೆ ಹಾಲಮ್ಮ, “ಮುಯ್ಯಿ ಕಣ್ರೀ,” ಅಂದಿದ್ದಳು. “ನಾಟಿ ಮಾಡೋವಾಗ ಒಬ್ಳು ಹಿಂದೆ ಬಿದ್ರೆ ಅಕ್ಕಪಕ್ಕದೋರು ಅವಳ ಸಾಲಿಗೂ ಕೈ ಹಾಕಿ ನೆಟ್ಕೊಂಡು ಹೋಗ್ತೀವಲ್ಲ, ಹಂಗೆ. ಬದುವಿನ ಮೇಲೆ ನಿಂತೋರಿಗೆ ಸಾಲು ಮುರಿದಿದ್ದು ಕಾಣಬಾರದು. ನಾಳೆ ನಂಗೆ ಆಗ್ದಿದ್ರೆ ಅವಳು ತೀರಿಸ್ತಾಳೆ.” ಭದ್ರಾ ಕಾಲುವೆಯ ಗದ್ದೆಗಳಲ್ಲಿ ಕಲಿತದ್ದನ್ನು ಆ ಹೆಂಗಸರು ಹೊಲಿಗೆ ಯಂತ್ರಗಳ ನಡುವೆ ತಂದು ನೆಟ್ಟಿದ್ದರು.

ಜಯಶೀಲಾ ಅದನ್ನು ತಂಡದ ಸಭೆಯಲ್ಲಿ ಹೇಳಿದ್ದಳು. ಹೆಮ್ಮೆಯಿಂದಲೇ ಹೇಳಿದ್ದಳು. ಯಂತ್ರ ಕೈ ನೋಡುತ್ತದೆ, ಕೈ ಹಿಂದಿನ ಸಂಬಂಧ ಅದಕ್ಕೆ ಕಾಣುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ ಎಂದಿದ್ದಳು. ವಿಷ್ಣುಪ್ರಸಾದರು ಮೇಜು ತಟ್ಟಿದ್ದರು. ಯೋಗರಾಜ್ ಆ ಪದವನ್ನು ಬರೆದುಕೊಂಡಿದ್ದ.

ಬರೆದುಕೊಂಡು ಅವನು ಏನು ಮಾಡಿದ ಎಂಬುದು ಈಗ ಅವಳ ಕಣ್ಣ ಮುಂದಿತ್ತು. ಬೇಸಿಗೆಯ ವಿಡಿಯೋಗಳನ್ನೆಲ್ಲ ಕೂತು ನೋಡಿ, ಕೈ ಪಕ್ಕದ ಮೇಜಿಗೆ ಚಾಚಿದ ಕಡೆಯಲ್ಲೆಲ್ಲ ‘ಮುಯ್ಯಿ’ ಎಂದು ಗುರುತು ಹಾಕಿದ್ದ. ಆ ಗುರುತುಗಳಿಂದ ಯಂತ್ರಕ್ಕೆ ಪಾಠ ಹೇಳಿದ್ದ. ಯಂತ್ರ ಕಲಿತಿತ್ತು.

“ಮೊದಲು ಕಾಣ್ತಿರಲಿಲ್ಲ. ಈಗ ಒಂದನ್ನೂ ಬಿಡಲ್ಲ,” ಅಂದ. “ಸೋಮವಾರ ಕಾರ್ಖಾನೇಲಿ ಲೈವ್ ತೋರಿಸ್ತೀವಿ. ಮ್ಯಾನೇಜರ್ ಲಕ್ಷ್ಮೀಕಾಂತ ಸಾರ್‌ಗೆ ನಿನ್ನೆ ಫೋನಲ್ಲಿ ಹೇಳ್ದೆ, ತುಂಬಾ ಖುಷಿಯಾದ್ರು.”

“ಖುಷಿಯಾಗ್ದೇ ಇರ್ತಾರಾ?” ಅಂದಳು ಜಯಶೀಲಾ. “ಒಬ್ಬರ ನಂಬರಿನಲ್ಲಿ ಇನ್ನೊಬ್ಬರು ಹೊಲಿದರೆ ಮನೆಗೆ ಕಳಿಸ್ತಾರೆ ಯೋಗರಾಜ್. ಅವರ ನಿಯಮ ಅದು. ಗೋಡೆ ಮೇಲೆ ಬರೆದು ಹಾಕಿದಾರೆ.”

ಅವನ ಮುಖ ನಿಧಾನವಾಗಿ ಬದಲಾಯಿತು. ಆದರೂ ಅವನು ತನ್ನ ಸಂತೋಷವನ್ನು ಅಷ್ಟು ಬೇಗ ಬಿಟ್ಟುಕೊಡಲಾರದವನ ಹಾಗೆ, “ಕೂಡಿ ಕೆಲಸ ಮಾಡೋದು ಒಳ್ಳೇದಲ್ವಾ ಮೇಡಂ? ಅದು ಕಂಡ್ರೆ ಅವರಿಗೂ ಅರ್ಥ ಆಗುತ್ತೆ,” ಅಂದ.

“ತೆಗೆದುಬಿಡಿ ಅದನ್ನ.”

“ನಾನು ತೆಗೆದು ಏನು ಬಂತು? ಅವರ ಕಂಪ್ಯೂಟರಿಗೆ ಹಾಕಿ ಆಗಿದೆ.”

ವಿಷ್ಣುಪ್ರಸಾದರಿಗೆ ಫೋನು ಮಾಡಿದಳು. ಅವರು ಎಂದಿನ ಹಾಗೆ ಅವಸರವಿಲ್ಲದೆ ಮಾತಾಡಿದರು. ಯಂತ್ರದ ಬಗ್ಗೆ ಕಂಡುಕೊಂಡದ್ದನ್ನು ಕಾರ್ಖಾನೆಗೆ ಮೊದಲು ತೋರಿಸುತ್ತೇವೆಂದು ಕರಾರು ಮಾಡಿಕೊಂಡಿದ್ದೇವೆ, ಗುಟ್ಟಾಗಿ ಅಳಿಸಿದರೆ ಅದು ಮೋಸ ಅಂದರು. ಆಮೇಲೆ ಸ್ವಲ್ಪ ಯೋಚಿಸಿ, “ದಾರಿ ಇದೆಯಮ್ಮ. ಅಧ್ಯಯನದಲ್ಲಿ ಭಾಗಿಯಾದವರು ಯಾವಾಗ ಬೇಕಾದ್ರೂ ತಮ್ಮ ಮಾಹಿತಿ ವಾಪಸ್ ತಗೋಬಹುದು. ಒಂದು ಅರ್ಜಿ ಬರೆದು ಅಧ್ಯಯನದ ನೀತಿ ಸಮಿತಿಗೆ ಕೊಡಲಿ,” ಅಂದರು.

ಆ ಹಕ್ಕಿನ ಸಾಲನ್ನು ಕರಾರಿನ ಕರಡಿನಲ್ಲಿ ಸೇರಿಸಿದ್ದೇ ಜಯಶೀಲಾ.

* * *

ಭಾನುವಾರ ಗಾಂಧಿ ಬಜಾರಿಗೆ ಹೋಗಿ ಹಣ್ಣು ಕೊಂಡು ಭದ್ರಾವತಿಯ ಬಸ್ಸು ಹತ್ತಿದಳು. ಹಾಲಮ್ಮನ ಮನೆ ಕಾಗದ ಕಾರ್ಖಾನೆಯ ಹಳೇ ಕ್ವಾರ್ಟರ್ಸಿನ ಹಿಂದಿನ ಓಣಿಯಲ್ಲಿ. ಅವಳು ಅಂಗಳದಲ್ಲಿ ಕೂತು ಮೀನು ಹೆರೆಯುತ್ತಿದ್ದಳು. ಜಗಲಿಯ ಮೇಲೆ ಕವನ ಕಾಲು ಚಾಚಿ ಕೂತಿದ್ದಳು. ಅವಳದು ಎದುರು ಮನೆ. ಪಾದಗಳು ಊದಿಕೊಂಡು ಹೊಳೆಯುತ್ತಿದ್ದವು. ಕಾರ್ಖಾನೆಯಲ್ಲಿ ಅಗಲದ ಏಪ್ರನ್ನು ಮುಚ್ಚಿಡುತ್ತಿದ್ದ ಹೊಟ್ಟೆ ಇಲ್ಲಿ ನೈಟಿಯೊಳಗೆ ದುಂಡಗೆ ಕಾಣುತ್ತಿತ್ತು.

“ಹಣ್ಣು ಬೇರೆ ತಂದಿದೀರಲ್ಲ. ಹಂಗಾದ್ರೆ ಕೆಟ್ಟ ಸುದ್ದೀನೇ,” ಅಂದಳು ಹಾಲಮ್ಮ. “ಮೂಗು ಮುಚ್ಕೋಬೇಡಿ ಮಾರಾಯ್ತಿ, ನಿಮ್ಗೆ ಬೇರೆ ಪಾತ್ರೇಲಿ ಟೀ ಮಾಡ್ತೀನಿ.”

“ಟೀ ಬೇಡ ಹಾಲಮ್ಮ.”

“ಟೀನೂ ಬೇಡ ಅಂದ್ರೆ ಯಾರೋ ಸತ್ತಿರಬೇಕು.”

ಕವನ ನಕ್ಕಳು. ಜಯಶೀಲಾ ನಗಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದಳು. ಯಂತ್ರಕ್ಕೆ ಮುಯ್ಯಿ ಗೊತ್ತಾಗಿದೆ, ನಾಳೆ ಮೂರು ಗಂಟೆಗೆ ಲಕ್ಷ್ಮೀಕಾಂತರ ಮುಂದೆ ಅದನ್ನು ನಡೆಸಿ ತೋರಿಸುತ್ತಾರೆ, ಯಾರ ಕೈ ಯಾರ ಮೇಜಿಗೆ ಹೋದರೂ ಕೆಂಪು ಬರುತ್ತದೆ.

ಹಾಲಮ್ಮನ ಚೂರಿ ನಿಂತಿತು. “ನಾನು ನಿಮಗೆ ಹೇಳಿದ್ದನ್ನ ನೀವು ಅದಕ್ಕೆ ಹೇಳಿಕೊಟ್ರಿ.”

“ನಾನಲ್ಲ. ನಮ್ಮ ಯೋಗರಾಜ್ ಗೊತ್ತಿಲ್ದೆ...”

“ನೀವು ಅವ್ರಿಗೆ ಹೇಳಿದ್ರಿ, ಅವ್ರು ಅದಕ್ಕೆ ಹೇಳಿದ್ರು. ನಿಮಗೆ ಹೇಳಿದ್ದು ನಾನು. ಅಂದ್ರೆ ಇವಳನ್ನ ಹಿಡಿದುಕೊಟ್ಟೋಳು ನಾನೇ ಆದೆ.”

ಅವಳು ಬೈದಿದ್ದರೆ ಸಹಿಸಬಹುದಿತ್ತು. ಅವಳು ಸುಮ್ಮನೆ ಲೆಕ್ಕ ಹಿಡಿದವಳ ಹಾಗೆ ಹೇಳಿದಳು, ಮತ್ತೆ ಮೀನಿನ ಕಡೆ ತಿರುಗಿದಳು. ಪೊರೆ ಸಿಡಿದು ಜಯಶೀಲಾಳ ಸೀರೆಯ ಅಂಚಿಗೆ ಅಂಟಿತು.

ಕವನಳ ಸಂಗತಿ ಮೂವರಿಗೂ ಗೊತ್ತಿತ್ತು. ಈ ತಿಂಗಳ ಕೊನೆಗೆ ಅವಳ ಗುತ್ತಿಗೆ ಮುಗಿದು ಕೆಲಸ ಕಾಯಂ ಆಗಬೇಕು. ಕಾಯಂ ಆದರೆ ಬಾಣಂತನದ ರಜೆ, ಆಸ್ಪತ್ರೆ, ಮಗುವನ್ನು ಎತ್ತಿಕೊಂಡು ವಾಪಸು ಬರಲು ಒಂದು ಜಾಗ. ಅದಕ್ಕೆ ಮೊದಲೇ ಬಸುರಿ ಎಂದು ತಿಳಿದರೆ ಗುತ್ತಿಗೆಯನ್ನು ಯಾರೂ ಮುರಿಯುವುದಿಲ್ಲ, ಮುಂದುವರಿಸುವುದಿಲ್ಲ ಅಷ್ಟೇ. ಕಳೆದ ವರ್ಷ ಇಬ್ಬರಿಗೆ ಹಾಗಾಗಿತ್ತು. “ಒಂದನೇ ತಾರೀಖು ನೋಡ್ತಿರಿ ಮೇಡಂ, ಏಪ್ರನ್ ಕಿತ್ತೆಸೆದು ಹೊಟ್ಟೆ ಮುಂದೆ ಮಾಡ್ಕೊಂಡು ಲಕ್ಷ್ಮೀಕಾಂತ ಸಾರ್‌ಗೆ ಗುಡ್ ಮಾರ್ನಿಂಗ್ ಹೇಳ್ತೀನಿ,” ಎಂದು ಕವನ ಹಿಂದೊಮ್ಮೆ ಚೇಷ್ಟೆ ಮಾಡಿದ್ದಳು.

“ಒಂದು ದಾರಿ ಇದೆ,” ಅಂದಳು ಜಯಶೀಲಾ. “ನಾವು ಹೇಳಿದ್ದನ್ನ ವಾಪಸ್ ತಗೋತೀವಿ ಅಂತ ನೀವು ಬರೆದುಕೊಟ್ರೆ ಅವರು ಅದನ್ನ ಬಳಸೋ ಹಾಗಿಲ್ಲ.”

“ಹೆಸರು ಬರೀಬೇಕಾ?” ಹಾಲಮ್ಮ ಕೇಳಿದಳು.

“ಹೂಂ.”

“ಯಾರು ಓದ್ತಾರೆ?”

“ಸಮಿತಿ ಅಂತ ಇದೆ.”

“ಅದರಲ್ಲಿ ಲಕ್ಷ್ಮೀಕಾಂತ ಸಾರ್ ಇದಾರಾ?”

ಜಯಶೀಲಾ ಬಗ್ಗಿ ಸೀರೆಯ ಅಂಚಿಗೆ ಅಂಟಿದ ಪೊರೆಯನ್ನು ಕೀಳತೊಡಗಿದಳು. ಕಾರ್ಖಾನೆಯ ಪ್ರತಿನಿಧಿಯೂ ಇರಬೇಕು, ಆಗಲೇ ಸಮಿತಿ ಸಮತೋಲವಾಗಿರುತ್ತದೆ ಎಂದು ವಾದಿಸಿದ್ದವಳೂ ಅವಳೇ.

ಹಾಲಮ್ಮ ಈಗ ನಿಜವಾಗಿ ನಕ್ಕಳು. “ಚೆನ್ನಾಗಿದೆ. ನಾನು ಕಳ್ಳಿ ಅಲ್ಲ ಅಂತ ನಾನೇ ಸ್ಟೇಷನ್ನಿಗೆ ಹೋಗಿ ಹೆಸರು ಬರೆಸಿ ಬರೋದು.”

ಪಕ್ಕದ ಮನೆಯ ತಮಿಳು ಹೆಂಗಸು “ತಣ್ಣಿ ವಂದಾಚ್ಚು!” ಎಂದು ಕೂಗಿದಳು. ನಲ್ಲಿಗೆ ನೀರು ಬಂದಿತ್ತು, ಓಣಿಯೆಲ್ಲ ಬಿಂದಿಗೆಗಳ ಸದ್ದಾಯಿತು. ಕವನ ಅಭ್ಯಾಸದಿಂದ ಎದ್ದು ಕೊಡಕ್ಕೆ ಕೈ ಹಾಕಿದಳು. “ಕೂತ್ಕೊಳ್ಳೇ ಮೂದೇವಿ!” ಎಂದು ಹಾಲಮ್ಮ ಚೀರಿದಳು. ಮೀನಿನ ಕೈಯನ್ನು ತೊಳೆದುಕೊಂಡು ತನ್ನ ಕೊಡ ಒಂದು, ಕವನಳ ಕೊಡ ಒಂದು ಎತ್ತಿಕೊಂಡು ಹೋದಳು.

ಕವನ ಜಗಲಿಯಲ್ಲೇ ಕೂತು ಮೆಲ್ಲಗೆ ಕೇಳಿದಳು: “ನಾನೇ ಬಿಟ್ಟುಬಿಡ್ಲಾ ಮೇಡಂ? ಉಳಿದೋರಾದ್ರೂ ಉಳ್ಕೋತಾರೆ.”

ಬೇಡ ಎನ್ನಬೇಕೆಂದು ಬಾಯಿ ತೆರೆದ ಜಯಶೀಲಾಗೆ, ಬೇಡ ಎನ್ನಲು ತನಗೆ ಯಾವ ಹಕ್ಕಿದೆ ಎಂದು ಹೊಳೆಯಲಿಲ್ಲ.

ಹಾಲಮ್ಮ ತುಂಬಿದ ಕೊಡಗಳೊಂದಿಗೆ ಬಂದಳು. ಜಯಶೀಲಾ ಕೊನೆಯ ಪ್ರಯತ್ನವೆಂಬಂತೆ ಹೇಳಿದಳು: “ನಾಳೆ ಮೂರು ಗಂಟೆಯಿಂದ ಸ್ವಲ್ಪ ಹೊತ್ತು. ಅಷ್ಟೊತ್ತು ಮಾತ್ರ ಯಾರೂ ಕೈ ಚಾಚಬೇಡಿ.”

“ಆಗ್ಲಿ. ನೀವು ಇವಳ ಹೊಟ್ಟೇಲಿರೋದಕ್ಕೆ ಹೇಳಿ ಹೋಗಿ, ಮೂರು ಗಂಟೆಯಿಂದ ಸ್ವಲ್ಪ ಹೊತ್ತು ಸುಮ್ಮನಿರು ಅಂತ.” ಹಾಲಮ್ಮ ಕೊಡ ಇಳಿಸಿದಳು. “ಇವಳ ಕೈ ನಿಂತ್ರೆ ಹಳದಿ ಬಣ್ಣ ಬರುತ್ತೆ. ಹಳದಿ ಬಂದ್ರೆ ಸೂಪರ್‌ವೈಸರ್ ಬರ್ತಾನೆ. ಬಂದ್ರೆ ಎದ್ದು ನಿಲ್ಲು ಅಂತಾನೆ. ನಾನು ಕೈ ಹಾಕಿದ್ರೆ ಕೆಂಪು. ಹಳದಿನೋ ಕೆಂಪೋ, ನೀವೇ ಆರಿಸ್ಕೊಡಿ. ಓದಿದೋರು.”

ಬಸ್ಸಿನಲ್ಲಿ ವಾಪಸು ಬರುವಾಗ ಜಯಶೀಲಾ ಕಿಟಕಿಗೆ ತಲೆಯಾನಿಸಿ ಕೂತಳು. ಅವಳ ಇಡೀ ವೃತ್ತಿಯೇ ಒಂದು ನಂಬಿಕೆಯ ಮೇಲೆ ನಿಂತಿತ್ತು. ಹೆಂಗಸರು ಮಾಡುವ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ, ಅದೇ ಅನ್ಯಾಯ, ಬೀಳುವಂತೆ ಮಾಡುವುದೇ ನ್ಯಾಯ. ತರಗತಿಯಲ್ಲಿ ಎಷ್ಟು ಸಲ ಹೇಳಿದ್ದಳು ಅದನ್ನು. ಕಣ್ಣಿಗೆ ಬಿದ್ದರೆ ಮುಂದೇನು ಎಂದು ಯಾವ ವಿದ್ಯಾರ್ಥಿನಿಯೂ ಕೇಳಿರಲಿಲ್ಲ. ತಾನೂ ಕೇಳಿಕೊಂಡಿರಲಿಲ್ಲ. ಕಾಣದಿರುವುದೇ ಆ ಹೆಂಗಸರಿಗೆ ಸೂರಾಗಿತ್ತು. ಅವಳು ಹೋಗಿ ಹೆಂಚು ಸರಿಸಿ ಬೆಳಕು ಬಿಟ್ಟಿದ್ದಳು.

ವಿದ್ಯಾನಗರದ ಮನೆಯಲ್ಲಿ ಗಂಡ ವಿಜಯಕುಮಾರ್ ದೋಸೆ ಹಾಕುತ್ತಿದ್ದ. ಹಿಟ್ಟು ಹುಳಿ ಬಂದಿತ್ತು. “ನಿನ್ನದಲ್ಲ ಬಿಡು ತಪ್ಪು, ಹವೆಯದು,” ಎಂದು ಛೇಡಿಸಿದ. ಅವಳು ತಪ್ಪು ಒಪ್ಪದವಳು ಎನ್ನುವುದು ಮನೆಯೊಳಗಿನ ಹಳೇ ನಗೆ. ವಿಭಾಗದಲ್ಲೂ ಅಷ್ಟೇ. ಜಯಶೀಲಾ ಮೇಡಂ ಬರೆದದ್ದರಲ್ಲಿ ಒಂದು ಅಡಿಟಿಪ್ಪಣಿಯೂ ತಪ್ಪಿರುವುದಿಲ್ಲ ಎನ್ನುತ್ತಿದ್ದರು.

ಅದಕ್ಕೆ ಕಾರಣ ಅವಳ ಅಮ್ಮ. ಮನೆಯಲ್ಲಿ ಏನು ಕೆಟ್ಟರೂ, ಯಾರು ಕೆಡಿಸಿದರೂ, ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು “ನಂದೇ ತಪ್ಪು ಬಿಡಿ” ಎನ್ನುತ್ತಿದ್ದಳು. ಅಪ್ಪನ ಸಿಟ್ಟು ಅಲ್ಲಿಗೆ ಇಳಿಯುತ್ತಿತ್ತು. ಅಣ್ಣಂದಿರು ಪಾರಾಗುತ್ತಿದ್ದರು. ಅವಳೂ ಎಷ್ಟೋ ಸಲ ಪಾರಾಗಿದ್ದಳು. ಆ ಮಾತು ಕೇಳಿದಾಗಲೆಲ್ಲ ಹುಡುಗಿ ಜಯಶೀಲಾಗೆ ಮೈ ಉರಿಯುತ್ತಿತ್ತು. ತನ್ನ ಬಾಯಲ್ಲಿ ಅದು ಬರಬಾರದು ಎಂದುಕೊಂಡಿದ್ದಳು. ಬಂದಿರಲಿಲ್ಲ.

* * *

ಸೋಮವಾರ ಯೋಗರಾಜನ ಕಾರಿನಲ್ಲಿ ಮೂವರೂ ಮಾಚೇನಹಳ್ಳಿಗೆ ಹೋದರು. ಜಯಶೀಲಾಳ ಹೆಗಲಲ್ಲಿ ಬೇಸಿಗೆಯಲ್ಲಿ ಅವಳೇ ಹೊಲಿದ ನೀಲಿ ಬ್ಯಾಗು. ಒಂದು ಪಟ್ಟಿ ಸೊಟ್ಟ. ಪರಿಶೀಲನೆಯಲ್ಲಿ ತಿರಸ್ಕಾರವಾದದ್ದನ್ನು ಲಕ್ಷ್ಮೀಕಾಂತ ನಗುತ್ತಾ ಅವಳಿಗೇ ಕೊಟ್ಟುಬಿಟ್ಟಿದ್ದರು.

“ಓಹೋ, ಪ್ರೊಫೆಸರ್ ಬ್ಯಾಗು!” ಎಂದು ಇವತ್ತೂ ಅವರು ಬಾಗಿಲಲ್ಲೇ ಕೈಮುಗಿದರು. ಸೌಜನ್ಯದ ಮನುಷ್ಯ. ಯಾರ ಮೇಲೂ ದನಿ ಎತ್ತಿದವರಲ್ಲ. ಕೆಲಸದಿಂದ ತೆಗೆಯುವಾಗಲೂ ಕುರ್ಚಿ ಕೊಟ್ಟು ಕೂರಿಸಿ ಹೇಳುತ್ತಾರೆ ಎಂದು ಹಾಲಮ್ಮ ಹೇಳಿದ್ದಳು.

ಮೇಲಿನ ಕೋಣೆಗೆ ಗಾಜಿನ ಗೋಡೆ. ಕೆಳಗೆ ಇಡೀ ಸಾಲು ಕಾಣುತ್ತಿತ್ತು, ಬೆನ್ನುಗಳು, ಹಸಿರು ಏಪ್ರನ್ನುಗಳು, ಬಾಗಿದ ತಲೆಗಳು. ಹೊಲಿಗೆಯ ಸದ್ದು ಗಾಜಿನಾಚೆ ದೂರದ ಮಳೆಯಂತೆ. ಜಯಶೀಲಾ ಹದಿನಾಲ್ಕನೇ ಮೇಜನ್ನು ಹುಡುಕಲಿಲ್ಲ. ಕಣ್ಣು ತಾನಾಗಿ ಹೋಗಿ ಅಲ್ಲೇ ನಿಂತಿತು.

“ಪ್ರತಿ ಬ್ಯಾಗು ಯಾರ ಕೈಯಿಂದ ಬಂತು ಅಂತ ಗಿರಾಕಿಗೆ ಹೇಳಬೇಕು ನೋಡಿ,” ಅಂದರು ಲಕ್ಷ್ಮೀಕಾಂತ, ಟೀ ತರಿಸುತ್ತಾ. “ಒಬ್ಬರ ಹೆಸರಲ್ಲಿ ಇನ್ನೊಬ್ಬರು ಹೊಲಿದ್ರೆ ನಮ್ಮ ಮಾತಿಗೆ ಬೆಲೆ ಇರಲ್ಲ. ಇಷ್ಟು ದಿನ ಕ್ಯಾಮೆರಾ ಸರಿಯಿಲ್ಲ ಅಂದ್ಕೊಂಡಿದ್ದೆ. ಸಾರ್ ಹೇಳಿದ ಮೇಲೆ ಗೊತ್ತಾಯ್ತು, ಕಣ್ಣಿತ್ತು, ಓದೋಕೆ ಬರ್ತಿರಲಿಲ್ಲ. ಶುರು ಮಾಡಿ ಸಾರ್.”

ಯೋಗರಾಜ್ ಜಯಶೀಲಾಳ ಕಡೆ ನೋಡದೆ ಗುಂಡಿ ಒತ್ತಿದ.

ಗೋಡೆಯ ಪರದೆಯ ತುಂಬ ಹಸಿರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ವಿಷ್ಣುಪ್ರಸಾದರು ಬಿಸ್ಕತ್ತನ್ನು ಟೀಯಲ್ಲಿ ಅದ್ದಿದರು. ಜಯಶೀಲಾ ಪರದೆಯನ್ನಲ್ಲ, ಗಾಜಿನಾಚೆಗೆ ನೋಡುತ್ತಿದ್ದಳು. ಕವನ ಒಂದು ಕೈಯನ್ನು ಸೊಂಟಕ್ಕೆ ಕೊಟ್ಟು ಸೆಟೆದು ಕೂತಳು. ಮತ್ತೆ ಬಾಗಿದಳು. ಮತ್ತೆ ಸೆಟೆದಳು. ಅವಳ ಮುಂದೆ ಬಟ್ಟೆ ರಾಶಿಯಾಗುತ್ತಾ ಬಂತು. ಹಾಲಮ್ಮ ಆಚೆ ಈಚೆ ನೋಡುತ್ತಿರಲಿಲ್ಲ, ಎರಡೂ ಕೈಯನ್ನು ತನ್ನ ಯಂತ್ರದ ಮೇಲೇ ಇಟ್ಟುಕೊಂಡಿದ್ದಳು. ಆ ಕೈಗಳನ್ನು ಅವಳು ಕಟ್ಟಿಹಾಕಿಕೊಂಡಿರುವುದು ಇಷ್ಟು ಎತ್ತರಕ್ಕೂ ತಿಳಿಯುತ್ತಿತ್ತು. ಮಾತು ಕೊಡಲಿಲ್ಲ, ಆದರೂ ನಡೆಸುತ್ತಿದ್ದಾಳೆ ಎಂದುಕೊಂಡಳು ಜಯಶೀಲಾ.

ಹದಿನಾಲ್ಕು ಹಳದಿಯಾಯಿತು.

“ಇದೇನು?” ಅಂದರು ಲಕ್ಷ್ಮೀಕಾಂತ.

“ಕೈ ನಿಧಾನ ಅಂತ,” ಅಂದ ಯೋಗರಾಜ್. ಅವನ ದನಿ ಸಣ್ಣದಾಗಿತ್ತು.

ಕೆಳಗೆ ಸಾಲಿನ ಆ ತುದಿಯಿಂದ ಸೂಪರ್‌ವೈಸರ್ ನಡೆಯತೊಡಗಿದ. ಮೇಜು ಮೇಜು ದಾಟಿ ಬರುತ್ತಿದ್ದ. ಹಾಲಮ್ಮ ತಲೆಯೆತ್ತಿ ಅವನನ್ನು ನೋಡಿದಳು. ನೋಡಿದವಳೇ ಎಡಗೈ ಚಾಚಿ ಕವನಳ ರಾಶಿಯಿಂದ ಬಟ್ಟೆ ಎಳೆದುಕೊಂಡಳು. ಅತ್ತ ಕಡೆಯವಳ ಕೈಯೂ ಬಂತು. ಹಳದಿ ಹೋಗಿ ಚೌಕ ಕೆಂಪಾಯಿತು. ಸೂಪರ್‌ವೈಸರ್ ಕೈಯಲ್ಲಿದ್ದ, ಅದೇ ಬಣ್ಣ ತೋರಿಸುವ ಫೋನನ್ನು ನೋಡಿ ಗೊಂದಲದಿಂದ ಅಲ್ಲೇ ನಿಂತ.

ಲಕ್ಷ್ಮೀಕಾಂತ ಕಪ್ಪನ್ನು ಕೆಳಗಿಟ್ಟು ಗಾಜಿನ ಹತ್ತಿರ ಹೋದರು. “ಅಬ್ಬಾ,” ಅಂದರು, ನಿಜವಾದ ಮೆಚ್ಚುಗೆಯಿಂದ. “ಎಷ್ಟು ಚೆನ್ನಾಗಿ ಹಿಡೀತಲ್ಲ. ಹದಿನಾಲ್ಕು ಯಾರದು?” ಇಂಟರ್‌ಕಾಮಿಗೆ ಕೈ ಹಾಕಿದರು.

“ನಂದು,” ಅಂದಳು ಜಯಶೀಲಾ.

ಅವರು ತಿರುಗಿದರು.

“ಹದಿನಾಲ್ಕನೇ ಮೇಜು ನಂದು. ನೀವೇ ಕೊಟ್ಟಿದ್ದು, ಬೇಸಿಗೇಲಿ.” ಮುಂದಿನ ಮಾತು ಏನೆಂದು ಅವಳಿಗೆ ಇನ್ನೂ ಗೊತ್ತಿರಲಿಲ್ಲ. ಮಾತಾಡುತ್ತಾ ಹೋದ ಹಾಗೆ ಗೊತ್ತಾಯಿತು. “ಯೋಗರಾಜ್ ಈ ಯಂತ್ರಕ್ಕೆ ಪಾಠ ಹೇಳಿದ್ದು ನಾನು ಅಲ್ಲಿ ಕೂತಿದ್ದ ದಿನಗಳ ವಿಡಿಯೋದಿಂದ. ಆ ದಿನಗಳಲ್ಲಿ ಆ ಮೇಜಿಗೆ ಕೈ ಚಾಚಿದ್ದು ಯಾಕೆ? ನಂಗೆ ಹೊಲಿಯೋಕೆ ಬರ್ತಿರಲಿಲ್ಲ. ಅವರು ನನ್ನ ಸೊಟ್ಟ ಹೊಲಿಗೆ ಬಿಚ್ಚಿ ಸರಿ ಮಾಡಿ ಕೊಡ್ತಿದ್ರು. ಅದನ್ನ ನಾನು ಅವರ ಪದ್ಧತಿ ಅಂತ ಬರ್ಕೊಂಡೆ, ಹೆಸರಿಟ್ಟೆ, ತಂಡದಲ್ಲಿ ಹೇಳಿದೆ. ನೋಡೋಕೆ ಹೋದವಳು ನಾನೇ ಸಾಲು ಕೆಡಿಸಿ, ಕೆಟ್ಟಿದ್ದನ್ನ ಅವರ ರೂಢಿ ಅಂದೆ.”

“ಆದರೆ ಈಗ...” ಲಕ್ಷ್ಮೀಕಾಂತ ಗಾಜಿನಾಚೆ ಕೈ ತೋರಿಸಿದರು.

“ಈಗ ಅದು ಚಾಚಿದ ಕೈಯನ್ನೆಲ್ಲ ಕೆಂಪು ಅನ್ನುತ್ತೆ. ಕತ್ತರಿ ತಗೊಂಡ್ರೂ ಅನ್ನುತ್ತೆ, ನೂಲು ತಗೊಂಡ್ರೂ ಅನ್ನುತ್ತೆ. ನಾನು ಕಲಿಸಿದ್ದೇ ತಪ್ಪು. ಇದನ್ನ ನಂಬಿ ನೀವು ಯಾರನ್ನಾದ್ರೂ ಕರೆಸಿ ಕೇಳಿದ್ರೆ, ನಾಳೆ ಅವರು ಕೋರ್ಟಿಗೆ ಹೋದ್ರೆ, ನಾನು ಬಂದು ಹೇಳಬೇಕಾಗೋದು ಇದನ್ನೇ.”

ವಿಷ್ಣುಪ್ರಸಾದರು ಕನ್ನಡಕ ತೆಗೆದು ಒರೆಸಿದರು. “ಜಯಶೀಲಾ ಅವರೇ, ನೀವು ಏನು ಹೇಳ್ತಿದೀರಿ ಅಂತ ನಿಮಗೆ ಗೊತ್ತಿದೆಯಲ್ಲ? ನಿಮ್ಮ ಕ್ಷೇತ್ರಕಾರ್ಯ ಪೂರ್ತಿ ಬಿದ್ದುಹೋಗುತ್ತೆ. ಅದರ ಮೇಲೆ ಬರೆದ ಲೇಖನ ವಾಪಸ್ ತಗೋಬೇಕಾಗುತ್ತೆ.”

“ಗೊತ್ತು.” ಅವಳ ಕೈ ತಾನಾಗಿ ಸೀರೆಯ ಸೆರಗಿನಲ್ಲಿ ಒರೆಸಿಕೊಳ್ಳುತ್ತಿತ್ತು. “ನಂದೇ ತಪ್ಪು.”

ಲಕ್ಷ್ಮೀಕಾಂತ ಅವಳನ್ನು ನೋಡಿದರು. ಅವಳ ಹೆಗಲಿನ ಬ್ಯಾಗನ್ನು ನೋಡಿದರು, ಅದರ ಸೊಟ್ಟ ಪಟ್ಟಿಯನ್ನು. ಅವರ ತುಟಿಯ ಮೂಲೆ ಸಡಿಲವಾಯಿತು. ಈ ಹೆಂಗಸಿಗೆ ಹೊಲಿಯಲು ಬರುವುದಿಲ್ಲ ಎನ್ನುವುದಕ್ಕೆ ಅವರಿಗೆ ಬೇರೆ ಪುರಾವೆ ಬೇಕಿರಲಿಲ್ಲ. ಆದರೂ ಅವರು ಸುಮ್ಮನೆ ಬಿಡುವ ಆಳಲ್ಲ. ಯೋಗರಾಜನ ಕಡೆ ತಿರುಗಿದರು.

“ನೀವು ಹೇಳಿ ಸಾರ್. ನಿಮ್ಮ ಮಷಿನ್ನು ಸರಿಯೋ, ತಪ್ಪೋ?”

ಇದನ್ನು ಜಯಶೀಲಾ ಯೋಚಿಸಿರಲಿಲ್ಲ. ಅವನು ಆ ವಿಡಿಯೋಗಳನ್ನು ಒಂದೊಂದಾಗಿ ನೋಡಿದವನು. ಅವಳ ಸ್ಟೂಲು ಖಾಲಿಯಿದ್ದ ದಿನಗಳಲ್ಲೂ ಕೈಗಳು ಚಾಚಿದ್ದನ್ನು ಕಂಡವನು. ಒಂದು ತುಣುಕು ತೆರೆದರೆ ಸಾಕಿತ್ತು. ಅವನ ಬೆರಳು ಕೀಲಿಮಣೆಯ ಮೇಲಿತ್ತು. ಕೆಳಗೆ ಸೂಪರ್‌ವೈಸರ್ ತಲೆಯೆತ್ತಿ, ಅಪ್ಪಣೆಗಾಗಿ ಗಾಜಿನ ಕೋಣೆಯನ್ನೇ ನೋಡುತ್ತಿದ್ದ. ಅವನ ಪಕ್ಕದಲ್ಲೇ ಕವನ ಬೆನ್ನು ಬಗ್ಗಿಸಿ, ಮೇಜಿನ ಅಂಚಿಗೆ ಅಂಟಿಕೊಂಡು ಕೂತಿದ್ದಳು.

ಯೋಗರಾಜ್ ಕೀಲಿಮಣೆಯಿಂದ ಬೆರಳು ತೆಗೆದ.

“ಮಷಿನ್ನಿಗೆ ತಾನಾಗಿ ಏನೂ ಗೊತ್ತಿರಲ್ಲ ಸಾರ್,” ಅಂದ. “ಮೇಡಂ ಕೊಟ್ಟ ಗುರುತಿನಿಂದ ಅದು ಕಲಿತಿದ್ದು. ಆ ಗುರುತು ತಪ್ಪು ಅಂತ ಮೇಡಮ್ಮೇ ಹೇಳಿದ್ರೆ, ಇದು ಸರಿ ಅಂತ ನಾನು ಹೇಳೋಕಾಗಲ್ಲ.” ಗೋಡೆಯ ಪರದೆ ಆರಿಸಿ, “ನಿಮ್ಮ ಕಂಪ್ಯೂಟರಿನಿಂದ ಇದನ್ನ ಇವತ್ತೇ ತೆಗೀಬೇಕಾಗುತ್ತೆ,” ಅಂದ.

“ಹಳೇದೇ ಇರ್ಲಿ ಹಂಗಾದ್ರೆ,” ಎಂದು ಲಕ್ಷ್ಮೀಕಾಂತ ನಿಟ್ಟುಸಿರಿಟ್ಟರು. ಗಾಜಿನ ಮೂಲಕ ಕೆಳಗೆ ಕೈಬೀಸಿ ಸೂಪರ್‌ವೈಸರನ್ನು ವಾಪಸು ಕಳಿಸಿದರು. “ಪ್ರೊಫೆಸರ್ ಮೇಡಂ, ನೀವು ಪಾಠ ಹೇಳೋದೇ ಸರಿ. ಹೊಲಿಗೆ ನಿಮಗಲ್ಲ.”

ಎಲ್ಲರೂ ನಕ್ಕರು. ಅವಳೂ ನಕ್ಕಳು. ಅಮ್ಮ ಆ ಮಾತು ಹೇಳಿದ ಮೇಲೆ ಅಡುಗೆಮನೆಗೆ ಹೋಗಿ ಏನು ಮಾಡುತ್ತಿದ್ದಳು ಎಂದು ಅವಳಿಗೆ ಎಂದೂ ತಿಳಿದಿರಲಿಲ್ಲ. ಪ್ರಾಯಶಃ ಹೀಗೇ, ಒರೆಸಿದ ಕೈಯನ್ನೇ ಮತ್ತೆ ಮತ್ತೆ ಸೆರಗಿಗೆ ಒರೆಸಿಕೊಳ್ಳುತ್ತಿದ್ದಿರಬೇಕು.

ಕಾರಿನಲ್ಲಿ ವಿಷ್ಣುಪ್ರಸಾದರು ಕಣ್ಣು ಮುಚ್ಚಿದ್ದರು, ನಿದ್ದೆಯೋ ಸೌಜನ್ಯವೋ. ಅವರನ್ನು ಮನೆಗೆ ಬಿಟ್ಟ ಮೇಲೆ ಯೋಗರಾಜ್ ಮೊದಲ ಸಲ ಬಾಯಿ ಬಿಟ್ಟ.

“ನೀವು ಸುಳ್ಳು ಹೇಳಿದ್ರಿ ಮೇಡಂ.”

“ಅರ್ಧ. ನನ್ನ ಬ್ಯಾಗುಗಳನ್ನ ಅವರೇ ಬಿಚ್ಚಿ ಹೊಲೀತಿದ್ದದ್ದು ನಿಜ.”

“ಇನ್ನರ್ಧ ಸುಳ್ಳು ನನ್ನ ಬಾಯಿಂದ ಬಂತು.” ಅವನು ರಸ್ತೆ ನೋಡುತ್ತಿದ್ದ. “ನಾನು ಮಾಡಿದ್ರಲ್ಲೆಲ್ಲ ಒಳ್ಳೇ ಕೆಲಸ ಅದು. ತಪ್ಪೇ ಇಲ್ಲದೆ ನಡೀತಿತ್ತು.”

“ಅದಕ್ಕೇ,” ಅಂದಳು ಜಯಶೀಲಾ. ಅವನು ಅವಳನ್ನು ಮನೆ ಮುಂದೆ ಇಳಿಸಿ ಕಾರು ತಿರುಗಿಸಿಕೊಂಡು ಹೋದ.

ಮುಂದಿನ ದಿನಗಳಲ್ಲಿ ಆಗಬೇಕಾದದ್ದು ಆಯಿತು. ಲೇಖನವನ್ನು ಹಿಂತೆಗೆದುಕೊಂಡಳು. ಕಾರಣದ ಜಾಗದಲ್ಲಿ ಸಂಶೋಧಕಿಯ ಲೋಪ ಎಂದು ತನ್ನ ಕೈಯಿಂದಲೇ ಬರೆದಳು. ಕಾರಿಡಾರಿನಲ್ಲಿ ಅವಳು ಬಂದರೆ ಮಾತು ತಗ್ಗುತ್ತಿತ್ತು. ಸಮಿತಿ ವಿಚಾರಣೆಗೆ ಕರೆಯಿತು. ಆ ರಾತ್ರಿ ವಿಜಯಕುಮಾರ್ ದೋಸೆಯ ನಗೆಯನ್ನು ಮಾಡಲಿಲ್ಲ. ಬಡಿಸಿ ಪಕ್ಕದಲ್ಲಿ ಕೂತ.

ವಿಚಾರಣೆಯ ದಿನ ಬೆಳಗ್ಗೆ, ಅವಳು ಹೊರಡುವ ಹೊತ್ತಿಗೆ ಫೋನು ಬಂತು. ಹಿಂದೆ ಕಾರ್ಖಾನೆಯ ಗೇಟಿನ ಗದ್ದಲ.

“ಮೇಡಂ, ಕಾಯಂ ಆಯ್ತು!” ಕವನ ಏದುಸಿರು ಬಿಡುತ್ತಿದ್ದಳು. “ಪತ್ರ ಕೊಟ್ರು. ಕೈಯಲ್ಲಿದೆ. ಹಾಲಮ್ಮಕ್ಕ ಏಪ್ರನ್ ಬಿಚ್ಚಿ ಎಸಿ ಅಂತಿದಾಳೆ, ನಂಗೆ ನಾಚ್ಕೆ.”

“ಗುಡ್ ಮಾರ್ನಿಂಗ್ ಹೇಳ್ದೆಯಾ ಅವರಿಗೆ?”

“ಹೇಳ್ದೆ! ಅವ್ರು ನನ್ನ ಹೊಟ್ಟೆ ನೋಡಿ ಕೂತ್ಕೊಳ್ಳಮ್ಮ ಅಂತ ಕುರ್ಚಿ ಕೊಟ್ರು. ನಾನು ಕೂರ್ಲೇ ಇಲ್ಲ.”

ಫೋನು ಕೈ ಬದಲಾಯಿಸಿದ್ದು ಕೇಳಿಸಿತು. “ನಿಮ್ಮ ಆ ಸೊಟ್ಟ ಪಟ್ಟಿ ಬ್ಯಾಗು ಇನ್ನೂ ಇದೆಯೇನ್ರೀ?” ಅಂದಳು ಹಾಲಮ್ಮ.

“ಇದೆ.”

“ಭಾನುವಾರ ತಗೊಂಬನ್ನಿ. ಬಿಚ್ಚಿ ಸರಿಯಾಗಿ ಹೊಲ್ದುಕೊಡ್ತೀನಿ. ಹಣ್ಣು ಮಾತ್ರ ತರಬೇಡಿ ಮಾರಾಯ್ತಿ, ಹಣ್ಣು ಕಂಡ್ರೆ ನಂಗೆ ಈಗ ಭಯ.”

“ತರ್ತೀನಿ. ಭಾನುವಾರ. ಇವತ್ತು ಅದು ನಂಗೆ ಬೇಕು.”

ಫೋನಿಟ್ಟು, ಸಮಿತಿಗೆ ಕೊಡಬೇಕಾದ ಕಾಗದಗಳನ್ನು ನೀಲಿ ಬ್ಯಾಗಿಗೆ ಹಾಕಿಕೊಂಡಳು. ಅದನ್ನು ಅವರ ಮೇಜಿನ ಮೇಲೆ, ಸೊಟ್ಟ ಪಟ್ಟಿ ಎಲ್ಲರಿಗೂ ಕಾಣುವ ಹಾಗೆ ಇಡಬೇಕು. ಬಾಗಿಲಿಗೆ ಬೀಗ ಹಾಕುವಾಗ ಪಟ್ಟಿ ಎಂದಿನಂತೆ ಹೆಗಲಿನಿಂದ ಜಾರಿತು. ಮೇಲೆಳೆದುಕೊಂಡು ಮೆಟ್ಟಿಲು ಇಳಿದಳು.